ನಿಂತವಳಿಗೆ ಬಳೆಯಿಲ್ಲ

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಮೊದಲು ಕೇಳುವುದು ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತದೆಯೇ ಎಂದಲ್ಲ, ನಿಮ್ಮ ಓಣಿಯಲ್ಲಿ ಮೊನೆ ಇದೆಯೇ ಎಂದು. ಇದ್ದರೆ ಎಷ್ಟು ಸುತ್ತಿನದು ಎಂದು ತಿಳಿದುಕೊಂಡು, ಅಷ್ಟೂ ಸುತ್ತು ಬಂದು, ಆಮೇಲೆ ಕಾಲು ತೊಳೆದು ಒಳಗೆ ಬರುತ್ತಾರೆ. ಕೇಳದೆ ನುಗ್ಗಿದ ವರನೊಬ್ಬ ಫೋಟೋದಲ್ಲಿ ಬಲಗೆನ್ನೆಯ ಮೇಲಿದ್ದ ಮಚ್ಚೆಯನ್ನು ಎಡಗೆನ್ನೆಯ ಮೇಲೆ ಹೊತ್ತುಕೊಂಡು ಬಂದು ಕೂತಿದ್ದ. ಇವನು ಬೇರೆ ಯಾರೋ, ಅಣ್ಣನನ್ನು ತೋರಿಸಿ ತಮ್ಮನನ್ನು ಕಳಿಸಿದ್ದಾರೆ ಎಂದು ಹುಡುಗಿಯ ಅಜ್ಜಿ ಹಟ ಹಿಡಿದು, ಅವಲಕ್ಕಿ ತಿನ್ನಿಸಿ ವಾಪಸ್ಸು ಕಳಿಸಿದಳು. ಪಾಪ, ಇನ್ನೊಂದು ಸುತ್ತು ಬಂದಿದ್ದರೆ ಸಂಬಂಧ ಕುದುರುತ್ತಿತ್ತು.

ನೆಲವೆಲ್ಲ ಒಂದೇ ಸಮ ಇರುವ ಊರುಗಳೂ ಇವೆಯಂತೆ. ಇರಲಿ, ಅವರ ಪುಣ್ಯ. ನಮ್ಮಲ್ಲಿ ನೆಲ ಒಮ್ಮೊಮ್ಮೆ ಚಿವುಟಿಕೊಂಡುಬಿಡುತ್ತದೆ. ಹಾಸಿದ ಸೀರೆಯನ್ನು ನಡುವೆ ಎರಡು ಬೆರಳಿನಿಂದ ಹಿಡಿದೆತ್ತಿದರೆ ನೆರಿಗೆಗಳೆಲ್ಲ ಆ ಬೆರಳಿನ ಕಡೆಗೇ ಓಡುತ್ತವಲ್ಲ, ಹಾಗೆ. ಆ ಚುಕ್ಕೆಯನ್ನೇ ನಾವು ಮೊನೆ ಎನ್ನುವುದು. ಅಲ್ಲಿದ್ದ ಕಟ್ಟೆ, ಗಿಡ, ಕೋಳಿ ಎಲ್ಲವೂ ಅದರೊಳಗೆ ಹೋಗಿಬಿಡುತ್ತವೆ. ಯಾರೂ ಸಾಯುವುದಿಲ್ಲ. ಮೊನೆಯನ್ನು ಬಿಡಿಸಿದ ಮೇಲೆ ಕೋಳಿ ಹೊರಗೆ ಬಂದು ತಾನು ಅರ್ಧಕ್ಕೆ ಬಿಟ್ಟ ಕಾಳನ್ನೇ ಹುಡುಕುತ್ತದೆ, ಅದಕ್ಕೆ ಒಳಗೆ ಒಂದು ಗಳಿಗೆಯೂ ಕಳೆದಿರುವುದಿಲ್ಲ. ಆದರೆ ಎಳ್ಳಮವಾಸ್ಯೆಯ ಒಳಗೆ ಬಿಡಿಸದಿದ್ದರೆ ಮೊನೆ ಕಲ್ಲಾಗುತ್ತದೆ. ಆಮೇಲೆ ಯಾರಿಂದಲೂ ಆಗದು. ನಮ್ಮ ಮುತ್ತಜ್ಜಿಯ ಎಮ್ಮೆ ಅಂಥ ಒಂದು ಕಲ್ಲಿನೊಳಗಿದೆ. ಹಬ್ಬ ಬಂದರೆ ಕಲ್ಲಿಗೆ ಕುಂಕುಮ ಹಚ್ಚಿ ಒಂದು ಹಿಡಿ ಹುಲ್ಲು ಇಡುತ್ತೇವೆ.

ಮೊನೆಯನ್ನು ಸುತ್ತಿ ಬಂದವರು ಹೋದ ಹಾಗೆ ಬರುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಮಾತು. ಎಡ ಸೊಂಟದ ಕೊಡ ಬಲ ಸೊಂಟಕ್ಕೆ ಬಂದಿರುತ್ತದೆ, ಬಲ ಮೂಗಿನ ಮೂಗುತಿ ಎಡಕ್ಕೆ. ಆದರೆ ಎಂಥ ಕೆಟ್ಟ ಮೊನೆಯಾದರೂ ಅದರ ತಿರುಗಾಟಕ್ಕೆ ಒಂದು ಕೊನೆಯಿದೆ. ಸುತ್ತುತ್ತ ಹೋದರೆ ಒಂದಲ್ಲ ಒಂದು ಸುತ್ತಿಗೆ ನೀವು ಮತ್ತೆ ನೀವೇ ಆಗುತ್ತೀರಿ. ಗಾಬರಿಯಾಗಿ ನಡುವೆ ನಿಲ್ಲಿಸಬಾರದು, ಅಷ್ಟೇ.

ಇಷ್ಟು ತಿಳಿದರೆ ಸಾಕು. ಈಗ ನಮ್ಮ ಕಾಶವ್ವನ ಸಂಗತಿ ಹೇಳುತ್ತೇನೆ. ಅವಳದು ನಮ್ಮ ಪಕ್ಕದ ಮನೆ, ನಡುವೆ ಒಂದೇ ಗೋಡೆ. ಗಂಡ ಬಾಳಪ್ಪ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಓಣಿಯ ಬಾವಿಕಟ್ಟೆಯ ಮೇಲೆ ಕುಲುಮೆ ಹೂಡಿಕೊಂಡು ಕೂತರೆ ಅವನ ಕೈಗಿಂತ ಬಾಯಿ ಹೆಚ್ಚು ಓಡುತ್ತಿತ್ತು. ದಾರಿಯಲ್ಲಿ ಹೋಗುವವರನ್ನು ಕರೆದು, ನಿಮ್ಮೂರಲ್ಲಿ ಮಳೆ ಹೇಗೆ, ಮಗಳಿಗೆ ಗಂಡು ಸಿಕ್ಕಿತೇ, ಹಲ್ಲುನೋವು ಕಡಿಮೆಯಾಯಿತೇ ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ಇಂಥ ಬಾಳಪ್ಪ ಹೆಂಡತಿಯೊಂದಿಗೆ ಮಾತ್ರ ಮಾತು ಬಿಟ್ಟಿದ್ದ. ಅವಳೂ ಬಿಟ್ಟಿದ್ದಳು. ಕಾರಣ ಕೇಳಿದರೆ ನಗಬೇಡಿ. ಅವಳ ತವರಿನ ತಾಮ್ರದ ಹಂಡೆಯನ್ನು ಅವಳಿಗೊಂದು ಮಾತು ಹೇಳದೆ ಇವನು ಯಾರಿಗೋ ಕೊಟ್ಟುಬಿಟ್ಟಿದ್ದ. ಆವತ್ತು ಹುಟ್ಟಿದ ಮಕ್ಕಳು ಈಗ ಮೀಸೆ ತಿರುವುತ್ತಿವೆ.

ನಡುವೆ ಸಿಕ್ಕಿಕೊಂಡವಳು ನಾನು. ಅವಳ ಪಾತ್ರೆಗೆ ಕಲಾಯಿ ಬೇಕಾದರೆ ಗೋಡೆಯ ಮೇಲಿಂದ ನನ್ನ ಕೈಗೆ ಕೊಡುವಳು, ನಾನು ಬಾವಿಕಟ್ಟೆಗೆ ಒಯ್ದು ಅವಳ ಗಂಡನ ಕೈಗೇ ಕೊಡಬೇಕು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಿಂಬೆಕ್ಕ, ಈ ಪಾತ್ರಿ ಯಾರದೋ ಏನೋ, ತಳಾ ಭಾಳ ಸುಟ್ಟೈತಿ. ಒಲಿ ಉರಿ ಸಣ್ಣ ಮಾಡ್ರಿ ಅಂತ ಹೇಳು ಅವರಿಗೆ" ಎನ್ನುವನು. ನಾನು ಬಂದು ಹೇಳಿದರೆ ಕಾಶವ್ವ, "ನನಗ ನೇರಾ ಹೇಳಾಕ ಅವರ ಬಾಯಿಗೆ ಏನಾಗೈತಂತ? ಮೊದಲ ಅವರ ಮಾತಾಡ್ಲಿ. ಅಲ್ಲೀತನಕ ನಾ ಆಡಾಕಿ ಅಲ್ಲ" ಎನ್ನುವಳು. ಆದರೆ ಉರಿಯನ್ನು ಸಣ್ಣ ಮಾಡುವಳು. ಅವನು ಊಟಕ್ಕೆ ಬರುವ ಹೊತ್ತಿಗೆ ರೊಟ್ಟಿ ಬಿಸಿ ಇರುತ್ತಿತ್ತು. ತಟ್ಟೆ ಇಟ್ಟು ಆ ಕಡೆ ಮುಖ ಮಾಡಿ ಕೂರುತ್ತಿದ್ದಳು, ಅವನು ತುತ್ತು ಎಷ್ಟು ತಿಂದ ಎಂಬುದನ್ನು ಸದ್ದಿನಲ್ಲೇ ತಿಳಿಯುತ್ತಿದ್ದಳು. ಅವನು ಮೊದಲು ಮಾತಾಡಬೇಕು ಎಂಬುದೊಂದನ್ನು ಬಿಟ್ಟರೆ ಅವಳಿಗೆ ಈ ಲೋಕದಲ್ಲಿ ಬೇರೇನೂ ಬೇಕಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ದೀಪಾವಳಿ ಮುಗಿದ ವಾರ, ಬೆಳಗಿನ ಬಿಸಿಲು ಏರುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ನೆಲ ಚಿವುಟಿಕೊಂಡಿತು. ಬಾವಿ, ರಾಟೆ, ಕುಲುಮೆ, ಬಾಳಪ್ಪ ಎಲ್ಲವೂ ಒಳಗೆ. ಕಾಶವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳು ಕೂಗಲಿಲ್ಲ. ನಾನು ಓಡಿ ಹೋದಾಗ, "ತಂಬಾಕಿನ ಚೀಲ ತೊಗೊಂಡಿದ್ರು, ಸುಣ್ಣದ ಡಬ್ಬಿ ಇಲ್ಲೇ ಬಿಟ್ಟಾರ" ಎಂದು ಮಾತ್ರ ಹೇಳಿದಳು.

ಗಾಬರಿಯಾಗುವ ಸಂಗತಿಯೇನೂ ಅಲ್ಲ, ಅಡಿವೆಕ್ಕ ಇದ್ದಳಲ್ಲ. ನಮ್ಮ ಕೋಲಾಟದ ಮೇಳಕ್ಕೆ ಅವಳೇ ಹಿರಿಯಳು, ಮೊನೆ ಬಿಡಿಸುವುದು ಆ ಮೇಳದ ಕೆಲಸ. ಹೇಗೆ ಎಂದರೆ, ಮೊನೆಯ ಸುತ್ತ ನಡೆದಾಗ ಒಬ್ಬೊಬ್ಬರೂ ಒಂದೊಂದು ರೀತಿ ಬದಲಾಗಿ ಬರುತ್ತಾರೆ. ಆ ರೀತಿಗೆ ನಾವು ನಡೆ ಎನ್ನುತ್ತೇವೆ. ಯಾವ ನಡೆ ಯಾರಿಗೆ ಎಂಬುದನ್ನು ಮೊನೆಯೇ ಹೇಳುತ್ತದೆ, ನಾವು ಆರಿಸಿಕೊಳ್ಳುವ ಹಾಗಿಲ್ಲ. ಮತ್ತೆ ಬಿಡಿಬಿಡಿಯಾಗಿ ಒಡೆಯಲಾಗದ ನಡೆಗಳು ಎಷ್ಟಿವೆಯೋ ಅಷ್ಟನ್ನೂ ಹುಡುಕಿ, ಕೋಲು ಹಿಡಿದು ಕುಣಿದರೆ, ಆ ಚುಕ್ಕೆಯಿಂದ ಬಳೆಗಳು ಏಳುತ್ತವೆ. ಗಾಣದ ಎತ್ತು ತಿರುಗುವಷ್ಟು ಅಗಲದ ದುಂಡನೆಯ ಹಾದಿಗಳು ಅವು. ಒಂದು ಇನ್ನೊಂದಕ್ಕೆ ಒಂದೇ ಕಡೆ ತಾಗಿಕೊಂಡಿರುತ್ತದೆ. ಒಂದು ನಡೆಗೆ ಒಂದು ಬಳೆ. ಆ ನಡೆಯವಳೇ ಆ ಬಳೆಯ ಮೇಲೆ ನಿಂತು, ತಾಗುವ ಬಳೆಯವಳ ಕೈಯನ್ನು ಹಿಡಿದಿರಬೇಕು. ಆಗ ಒಳಗಿದ್ದವರು ಆ ಹಾದಿಗಳ ಮೇಲೆ ನಡೆದು ಹೊರಗೆ ಬರುತ್ತಾರೆ. ಹಿಡಿಯಬೇಕಾದ ಕೈ ಹಿಡಿಯದಿದ್ದರೆ, ಹಿಡಿಯಬಾರದ ಕೈ ಹಿಡಿದರೆ, ಬಳೆ ಮುಳುಗುತ್ತದೆ.

ಒಂದು ನಡೆಗೆ ಮಾತ್ರ ಬಳೆಯಿಲ್ಲ. ಯಾವ ಹಾದಿಯಲ್ಲಿ ಎಷ್ಟು ಸುತ್ತಿದರೂ ಏನೂ ಬದಲಾಗದೆ ಹೋದ ಹಾಗೇ ಬರುವವಳೊಬ್ಬಳಿರುತ್ತಾಳೆ, ಅವಳನ್ನು ನಿಂತವಳು ಎನ್ನುತ್ತೇವೆ. ಕುಣಿತಕ್ಕೆ ಅವಳು ಬೇಕೇ ಬೇಕು, ಅವಳಿಲ್ಲದಿದ್ದರೆ ಮಿಕ್ಕವರು ಎಷ್ಟು ಬದಲಾದರು ಎಂದು ಯಾವುದಕ್ಕೆ ಹೋಲಿಸಿ ನೋಡುವುದು? ಆದರೆ ಬಳೆ ಏಳುವ ಹೊತ್ತಿಗೆ ಅವಳು ಕೈ ಬಿಟ್ಟು ಹೊರಗೆ ನಿಲ್ಲಬೇಕು. ಮತ್ತೆ, ಮೊನೆಯಿಂದ ಹೊರಬಂದವರಿಗೆ ಅವಳ ನೆನಪೇ ಇರುವುದಿಲ್ಲ. ಬಳೆಯ ಮೇಲಿದ್ದವರೆಲ್ಲ ನೆನಪಿರುತ್ತಾರೆ, ಊರು ನೆನಪಿರುತ್ತದೆ, ನಿಂತವಳು ಮಾತ್ರ ಅಳಿಸಿಹೋಗಿರುತ್ತಾಳೆ.

ಅದಕ್ಕೇ ನಮ್ಮೂರ ಜಾಣರು ಹಳೆಯ ಕಾಲದಿಂದ ಒಂದು ಉಪಾಯ ಮಾಡಿಕೊಂಡಿದ್ದರು. ನಿಲ್ಲಲು ಹೊರಗಿನವಳನ್ನು ಕರೆಸುವುದು. ಯಾರೂ ಅರಿಯದವಳನ್ನು ಯಾರು ಮರೆತರೇನು? ಹಾಗೆ ಬರುತ್ತಿದ್ದವಳು ತುಂಗವ್ವ. ಹೊಳೆಯಾಚೆಯ ಊರಿನಿಂದ ಎಲೆ ಅಡಿಕೆ ಜಗಿಯುತ್ತ ಬಂದು, ಸುತ್ತಿ, ಕುಣಿದು, ಕೈ ಬಿಟ್ಟು ನಿಂತು, ಹೋಳಿಗೆ ಉಂಡು ಹೋಗುತ್ತಿದ್ದಳು. ನಮ್ಮೂರ ಅರ್ಧ ಜನ ಅವಳನ್ನು ಮರೆತಿದ್ದರು. ಪ್ರತಿ ಸಲವೂ ಯಾರಾದರೊಬ್ಬರು ಅವಳನ್ನು, "ತಾವು ಯಾರ ಪೈಕಿ?" ಎಂದು ಕೇಳುವುದು ಇದ್ದದ್ದೇ.

ಬಾವಿಕಟ್ಟೆಯ ಮೊನೆಯಲ್ಲಿ ಮೊದಲ ದಿನವೇ ನಾವು ಎಡವಿದೆವು. ನಮ್ಮೂರಲ್ಲಿ ಅಲ್ಲಿಯವರೆಗೆ ಎದ್ದ ಬಳೆಗಳೆಲ್ಲ ಸರದ ಮಣಿಗಳ ಹಾಗೆ ಸಾಲಾಗಿ ಎದ್ದಿದ್ದವು. ಎರಡು ತುದಿ, ನಡುವೆ ಒಂದರ ಪಕ್ಕ ಒಂದು. ಇದೂ ಅಂಥದ್ದೇ ಎಂದುಕೊಂಡು, ತುಂಗವ್ವ ಬರುವ ಮೊದಲೇ ಒಮ್ಮೆ ನೋಡೋಣವೆಂದು ಸಾಲಾಗಿ ನಿಂತೆವು. ನೆಲ ಮೊಣಕಾಲಿನಷ್ಟು ಎದ್ದು, ಉಸಿರು ಬಿಟ್ಟಂತೆ ಮತ್ತೆ ಕೂತಿತು. ಅಡಿವೆಕ್ಕ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಯೋಚಿಸುತ್ತ ಕೂತಳು. ಈ ಮೊನೆಯನ್ನು ಸುತ್ತಲು ಮೂರು ಹಾದಿಗಳಿದ್ದವು. ಒಂದು ಅರಳಿಮರದ ಬುಡದಿಂದ, ಒಂದು ಮಠದ ಗೋಡೆಯ ಬದಿಯಿಂದ, ಒಂದು ಗಿರಣಿಯ ಹಿಂದಿನಿಂದ. "ನಿಂಬಿ, ನೀ ನನ್ನ ಜೋಡಿ ಬಾ" ಎಂದು ನನ್ನನ್ನು ಎಳೆದುಕೊಂಡು ಅರಳಿಮರದ ಹಾದಿಯಲ್ಲಿ ಒಂದು ಸುತ್ತು ಬಂದಳು. ಬಂದು ನೋಡುತ್ತೇವೆ, ಅವಳ ಮೂಗುತಿ ನನ್ನ ಮೂಗಿನಲ್ಲಿದೆ, ನನ್ನ ಕಾಲುಂಗುರ ಅವಳ ಕಾಲಲ್ಲಿ. ಇನ್ನೊಂದು ಸುತ್ತಿಗೆ ನಮ್ಮವು ನಮಗೆ ಬಂದವು, ಆದರೆ ಎಡಬಲ ತಿರುಗುಮುರುಗಾಗಿ. ನಾಲ್ಕು ಸುತ್ತು ಬೇಕಾಯಿತು ಮೊದಲಿನ ಹಾಗಾಗಲು. ಮಠದ ಹಾದಿ ಮುಗಿಸಿ ಗಿರಣಿಯ ಹಾದಿ ಹಿಡಿದರೆ ಒಂದು ಥರ, ಗಿರಣಿ ಮುಗಿಸಿ ಮಠಕ್ಕೆ ಹೋದರೆ ಇನ್ನೊಂದು ಥರ.

"ಇದು ಸರದ ಮೊನಿ ಅಲ್ಲ, ಕವಲಿನ ಮೊನಿ" ಎಂದಳು ಅಡಿವೆಕ್ಕ. "ಹಾದಿ ಹಿಂದು ಮುಂದಾದ್ರ ಲೆಕ್ಕ ತಪ್ಪತೈತಿ ಅಂದ್ರ ಬಳಿ ಸಾಲಾಗಿ ಏಳೂದುಲ್ಲ. ನಮ್ಮಜ್ಜಿ ಹೇಳ್ತಿದ್ಲು, ನಾ ಕಂಡಿದ್ದಿಲ್ಲ."

ನಾನೂ ಅವಳೂ ಜೋಡಿ ನಡೆ. ಒಬ್ಬಳನ್ನು ಬಿಟ್ಟು ಒಬ್ಬಳನ್ನು ಬಿಡಿಸಿ ತೆಗೆಯುವ ಹಾಗಿಲ್ಲ. ಮೇಳದಲ್ಲಿ ಮೂವತ್ತು ವರ್ಷ ಜಗಳವಾಡಿದ ನಮ್ಮಿಬ್ಬರನ್ನೇ ಮೊನೆ ಹೀಗೆ ಗಂಟು ಹಾಕಿತಲ್ಲ ಎಂದು ಓಣಿಗೆಲ್ಲ ನಗೆ. ಉಳಿದವು ಒಂಟಿ ನಡೆಗಳು. ಮೇಳದ ಕಲ್ಲವ್ವ ಅರಳಿಮರದ ಹಾದಿಯಲ್ಲಿ ಸುತ್ತಿದರೆ ಏನೂ ಆಗುತ್ತಿರಲಿಲ್ಲ, ಉಳಿದೆರಡು ಹಾದಿಯಲ್ಲಿ ಎಡಬಲ ಬದಲಾಗುತ್ತಿತ್ತು. ಅವಳ ದೊಡ್ಡ ನಾದಿನಿಗೆ ಹಾಗೆಯೇ ಮಠದ ಹಾದಿ ಒಲಿದಿತ್ತು, ಚಿಕ್ಕ ನಾದಿನಿಗೆ ಗಿರಣಿಯ ಹಾದಿ. ಇನ್ನು ನಿಂತವಳು. ತುಂಗವ್ವನನ್ನು ಕರೆಸಿದೆವು. ಅವಳು ಎಲೆ ಅಡಿಕೆ ಉಗುಳಿ, ಎಂದಿನ ಠೀವಿಯಲ್ಲಿ ಮಠದ ಕಡೆಯಿಂದ ಸುತ್ತಿ ಬಂದಳು. ಅವಳ ನತ್ತು ಎಡ ಹೊಳ್ಳೆಯಿಂದ ಬಲಕ್ಕೆ ಹೋಗಿತ್ತು. ಅವಳು ಮೂಗನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷದಲ್ಲಿ ಯಾವ ಮೊನೆಯೂ ಅವಳನ್ನು ಮುಟ್ಟಿರಲಿಲ್ಲ.

ಆಮೇಲೆ ಊರಿಗೆ ಬಂದ ಹೊಸಬರನ್ನೆಲ್ಲ ಹಿಡಿದು ಸುತ್ತಿಸಿದೆವು. ಸ್ಟೋವ್ ರಿಪೇರಿಯವಳು, ಚಾಪೆ ಮಾರುವವಳು, ಯಾರದೋ ಮನೆಗೆ ಬಾಣಂತನಕ್ಕೆ ಬಂದಿದ್ದ ಸೋದರತ್ತೆ. ಎಲ್ಲರೂ ಬದಲಾಗಿ ಬಂದರು. ಓಣಿಯ ಹೆಂಗಸರೂ ಸುತ್ತಿದರು. ಕೊನೆಗೆ ಒಂದು ಸಂಜೆ ಕಾಶವ್ವ ಯಾರಿಗೂ ಹೇಳದೆ, ಸುಣ್ಣದ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು ಮೂರೂ ಹಾದಿಗಳಲ್ಲಿ ಸುತ್ತಿ ಬಂದು ನಮ್ಮ ಮುಂದೆ ನಿಂತಳು. ಡಬ್ಬಿ ಎಡಗೈಯಲ್ಲೇ ಇತ್ತು. ಮೂಗುತಿ ಇದ್ದಲ್ಲೇ, ಸೆರಗು ಇದ್ದಲ್ಲೇ. ಅಡಿವೆಕ್ಕ ಮುಖ ತಿರುಗಿಸಿಕೊಂಡಳು.

ಅಂದಿನಿಂದ ಕಾಶವ್ವ ಮನೆಯಿಂದ ಹೊರಗೆ ಬರಲಿಲ್ಲ. ಓಣಿಗೆ ಟ್ಯಾಂಕರ್ ನೀರು ಬರುತ್ತಿತ್ತು, ಅದೂ ಒಂದು ದಿನ ಬಂದರೆ ಎರಡು ದಿನ ಇಲ್ಲ. ಜನ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಖಾಲಿ ಕೊಡಗಳನ್ನು ಅವಳ ಬಾಗಿಲ ಮುಂದಿನಿಂದಲೇ ಸದ್ದು ಮಾಡಿಕೊಂಡು ಒಯ್ಯುತ್ತಿದ್ದರು, ಹೇಳುವುದಕ್ಕಿಂತ ಅದು ಜೋರಾಗಿತ್ತು. ಎಳ್ಳಮವಾಸ್ಯೆ ಹತ್ತಿರ ಬರುತ್ತಿತ್ತು. ಮೊನೆಯ ಬದಿಯ ಮಣ್ಣು ಆಗಲೇ ಗಟ್ಟಿಯಾಗಿ, ಉಗುರಿನಿಂದ ತಟ್ಟಿದರೆ ಟಣ್ ಎನ್ನತೊಡಗಿತ್ತು.

ಒಂದು ಮಧ್ಯಾಹ್ನ ನಾನು ತುಂಗವ್ವನನ್ನು ಕರೆದುಕೊಂಡು ಕಾಶವ್ವನ ಮನೆಗೆ ಹೋದೆ. ಕಾಶವ್ವ ಶೇಂಗಾ ಸುಲಿಯುತ್ತಿದ್ದಳು. ನಾವೂ ಕೂತು ಸುಲಿದೆವು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು, "ತುಂಗಕ್ಕ, ನಿನಗ ಗೊತ್ತಿದ್ದವರು ಯಾರರ ನಿನ್ನ ಮರತಾರೇನು?"

"ಒಬ್ಬಾಂವ ಮರತಾನ. ನಮ್ಮಣ್ಣ" ಎಂದಳು ತುಂಗವ್ವ. "ನಾ ಮೊದಲ ನಿಂತದ್ದು ಅವನ ಸಲುವಾಗೇ. ಪಂಚಮಿಗೆ ಕರೀಲಿಕ್ಕೆ ಬರೂದು ಬಿಟ್ಟ. ನಾನ ಹೋಗಿ ಹೇಳಿದೆ, ಅಣ್ಣಾ ನಾ ನಿನ್ನ ತಂಗಿ ಅಂತ. ಹೂಂ ಅಂದ. ಬಂದಾವರ ಸುದ್ದಿ ಕೇಳಿದಂಗ ಕೇಳಿ ಹೂಂ ಅಂದ. ಅಂವ ಕೆಟ್ಟಾಂವ ಅಲ್ಲ. ಉಣ್ಣಾಕ ನೀಡಿದ, ಸೀರಿ ಕೊಡಾಕ ಬಂದ. ಪರರಿಗೆ ಕೊಟ್ಟಂಗ ಕೊಟ್ಟ, ಅಷ್ಟ."

"ಹಂಗಾರ ಹೇಳಿದ್ರೂ ತಿಳಿಯೂದುಲ್ಲ."

"ತಿಳೀತೈತಿ. ನೆನಪಾಗೂದುಲ್ಲ."

ಕಾಶವ್ವ ಒಂದು ಕಾಯಿಯನ್ನು ಸುಲಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ನನಗೆ ತಡೆಯಲಾಗಲಿಲ್ಲ. "ಒಂದ ವಿಚಾರ ಮಾಡಬೇ ಕಾಶಿ, ನಿನ್ನ ಮರತ್ರ ಆ ಜಗಳಾನೂ ಮರೀತಾರ. ಹಂಡೇದ ಸುದ್ದಿ ಮುಗದಂಗ ಆತು" ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ.

ಅವಳು ನನ್ನನ್ನು ನೋಡಿದಳು. "ನಿನಗ ತಿಳೀಲಿಲ್ಲ ನಿಂಬಿ" ಎಂದಳು. "ಆ ಸಿಟ್ಟ ಒಂದ ಉಳದಿತ್ತು ನಮ್ಮಿಬ್ಬರ ನಡಕ. ಬ್ಯಾರೆ ಯಾರ ಮ್ಯಾಲೂ ಅವರಿಗೆ ಅಂಥಾ ಸಿಟ್ಟ ಇಲ್ಲ. ಅದು ನಂದು. ಅವರು ಮಗ್ಗಲಾ ಬದಲಿಸಿ ಮಲಗಿದ್ರ, ಇಲ್ಲೊಬ್ಬಾಕಿ ಅದಾಳ ಅಂತ ಗೊತ್ತಿದ್ದ ಬದಲಿಸ್ತಿದ್ರು. ಇನ್ನ ಮ್ಯಾಲ ಅದೂ ಇಲ್ಲ. ಒಂದಿನ ಮಾತಾಡ್ತಾರ, ಏನ ಕಾಶಿ ಅಂತಾರ ಅಂತ ಕುಂತಿದ್ದೆ ನಾನು. ಈಗ ಯಾರು ಅನ್ನಬೇಕು ಅದನ್ನ?"

ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ತುಂಗವ್ವ ಸಿಪ್ಪೆಗಳನ್ನು ಮೊರದ ಒಂದು ಬದಿಗೆ ಸರಿಸಿದಳು. "ನಾ ನಿನಗ ನಿಲ್ಲು ಅನ್ನಾಕ ಬಂದಿಲ್ಲ ತಂಗಿ. ನಿಲ್ಲಬ್ಯಾಡ ಅಂತನೂ ಅನ್ನೂದುಲ್ಲ. ಕಲ್ಲಾದ್ರ ನಿನ್ನ ಸಿಟ್ಟ ಅವರ ಹೊಟ್ಟ್ಯಾಗ ಹಂಗ ಇರತೈತಿ, ಖರೆ. ಕುಂಕುಮ ಹಚ್ಚಿ ಬರಬಹುದು" ಎಂದಳು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾಶವ್ವ ಕಚ್ಚೆ ಬಿಗಿದು, ಕೋಲು ಹಿಡಿದು ಬಂದಳು. ಕುಣಿತಕ್ಕೆ ಮೊದಲು ನನ್ನನ್ನು ಗಿರಣಿಯ ಗೋಡೆಯ ಮರೆಗೆ ಕರೆದು, "ನಿಂಬಿ, ನನ್ನ ಕೈ ನಿನ್ನ ಕೈಯಾಗ ಇರತೈತಿ. ಬಿಡಬ್ಯಾಡ. ನೀ ಬಿಡದಿದ್ರ ನಾನೂ ಬಳಿ ಮ್ಯಾಲ ಇರ್ತೀನಿ. ಅವರು ಹೊರಗ ಬಂದಾಗ ನನ್ನ ಗುರ್ತಿಸ್ತಾರ" ಎಂದಳು. ಅದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಯಾವಳೋ ಹಾಗೆ ಕೈ ಬಿಡದೆ ಹಿಡಿದು, ನೆಲ ಚುಕ್ಕೆಯೂ ಆಗದೆ ಬಯಲೂ ಆಗದೆ ಉಳಿದ ಜಾಗವೊಂದು ಊರ ಹೊರಗಿದೆ, ಅಲ್ಲಿ ನಾಯಿ ಕೂಡ ಮಲಗುವುದಿಲ್ಲ. ಆದರೂ ನಾನು, "ಆತು, ಬಿಡೂದುಲ್ಲ" ಎಂದೆ. ಗೆಳತಿಯ ಮಾತಿಗೆ ಇಲ್ಲ ಎನ್ನುವ ಬಾಯಿ ನನಗಿಲ್ಲ. ಮನಸ್ಸಿನಲ್ಲೂ ಬಿಡಬಾರದು ಎಂದೇ ಇತ್ತು.

ಕುಣಿತ ಶುರುವಾಯಿತು. ನಾನೂ ಅಡಿವೆಕ್ಕನೂ ನಡುವೆ, ನಮ್ಮ ಜೋಡಿ ಹೆಜ್ಜೆಯೇ ಎಲ್ಲರಿಗೂ ತಾಳ. ಆ ತಾಳವನ್ನು ಒಬ್ಬೊಬ್ಬಳ ನಡೆಯ ಮೇಲೆ ಹಾಕಿ ನೋಡುವುದು ಪದ್ಧತಿ. ಹಾಕಿದಾಗ ಯಾರ ನಡೆ ಒಡೆದು ಬರುತ್ತದೋ ಅವರೇ ಅವಳ ನೆರೆಯವರು, ಅವರ ಕೈಯನ್ನೇ ಅವಳು ಹಿಡಿಯಬೇಕು. ಕಲ್ಲವ್ವನ ಮೇಲೆ ಹಾಕಿದರೆ ನಮ್ಮ ಜೋಡಿ ನಡೆಯೇ ಬಂತು. ಅವಳ ನಾದಿನಿಯರ ಮೇಲೆ ಹಾಕಿದರೂ ಅದೇ. ಕಾಶವ್ವನ ಮೇಲೆ ಹಾಕಿದರೂ ಅದೇ. ಕೊನೆಗೆ ನಮ್ಮ ನಡೆಯ ಮೇಲೆ ನಮ್ಮದನ್ನೇ ಹಾಕಿದಾಗ ಒಂಟಿ ನಡೆಗಳು ನಾಲ್ಕೂ ಒಂದರಿಂದ ಒಂದು ಬಿಡಿಸಿಕೊಂಡು ಹೊರಬಂದವು, ಯಾವುದೂ ಉಳಿಯಲಿಲ್ಲ. ಆಗ ಅಡಿವೆಕ್ಕನಿಗೆ ಸ್ಪಷ್ಟವಾಯಿತು. ನಡುವೆ ನಾವಿಬ್ಬರು, ಸುತ್ತ ಒಂಟಿಯವರು, ಅವರವರಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವಂತಿಲ್ಲ, ಎಲ್ಲರೂ ನಮ್ಮನ್ನೇ ಹಿಡಿಯಬೇಕು. ಕಲ್ಲವ್ವ ಮತ್ತು ದೊಡ್ಡ ನಾದಿನಿ ಅಡಿವೆಕ್ಕನ ಕೈ ಹಿಡಿದರು. ಚಿಕ್ಕ ನಾದಿನಿ ನನ್ನ ಒಂದು ಕೈ, ಕಾಶವ್ವ ಇನ್ನೊಂದು ಕೈ.

ನೆಲ ಮೆಲ್ಲಗೆ ಏಳತೊಡಗಿತು. ಪಾದದ ಕೆಳಗೆ ಹಾದಿ ದುಂಡಗೆ ಬಿಚ್ಚಿಕೊಳ್ಳುವುದು ತಿಳಿಯುತ್ತಿತ್ತು. ನಡುವೆ ನಮ್ಮ ಬಳೆ, ಅದಕ್ಕೆ ತಾಗಿದಂತೆ ಮೂರು. ಕಾಶವ್ವನ ಕಾಲ ಕೆಳಗೆ ಏನೂ ಏಳಲಿಲ್ಲ, ಬರಿಯ ಓಣಿಯ ಮಣ್ಣು. "ಬಿಡ್ರಿ" ಎಂದಳು ಅಡಿವೆಕ್ಕ. ನಾನು ಬಿಡಲಿಲ್ಲ. ಬಳೆ ಒಂದು ಸಲ ನಡುಗಿತು. "ನಿಂಬಿ, ಬಿಡು" ಎಂದಳು ಮತ್ತೆ. ನಾನು ಹಲ್ಲು ಕಚ್ಚಿ ಹಿಡಿದಿದ್ದೆ. ನಮ್ಮ ಬಳೆಯ ಆಚೆ ಬದಿಯಲ್ಲಿ ರಾಟೆಯ ತುದಿ ಕಾಣಿಸಿತು, ಅದರ ಹಿಂದೆ ಬಾಳಪ್ಪನ ತಲೆಯ ಪಟಕ. ಕಾಶವ್ವ ಅದನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ತನ್ನ ಇನ್ನೊಂದು ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಅವಸರವಿರಲಿಲ್ಲ. ಹಸುಗೂಸಿನ ಮುಷ್ಟಿ ಬಿಡಿಸುವಂತೆ ಬಿಡಿಸಿದಳು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ಕೊನೆಯ ಬೆರಳು ಬಿಟ್ಟ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಬಿಸಿಲಿನಲ್ಲಿ ನಿಂತಳು.

ಬಾವಿ ಬಂತು, ಕುಲುಮೆ ಬಂತು, ಕೆಂಡ ಇನ್ನೂ ಆರಿರಲಿಲ್ಲ. ಬಾಳಪ್ಪ ನಮ್ಮ ಬಳೆಯ ಮೇಲಿಂದ ನಡೆದು ಬಂದು, "ಏನ ಅಕ್ಕಾರ, ಓಣಿ ಮಂದಿ ಎಲ್ಲಾ ಇಲ್ಲೇ ಕೂಡೀರಿ? ಯಾರರ ಹ್ವಾದರೇನು?" ಎಂದು ಅಡಿವೆಕ್ಕನನ್ನು ಕೇಳಿದ. ನನ್ನನ್ನು ನೋಡಿ, "ನಿಂಬೆಕ್ಕ, ಯಾಕ ಕಣ್ಣ ಕೆಂಪಾಗ್ಯಾವ?" ಎಂದ. ಕಲ್ಲವ್ವನ ಮಗನ ಜ್ವರ ವಿಚಾರಿಸಿದ. ಹೆಂಗಸರು ಕೊಡ ತರಲು ಓಡಿದರು, ಬಳೆಗಳು ನಿಧಾನವಾಗಿ ಹರಡಿಕೊಂಡು ಓಣಿಯ ನೆಲದಲ್ಲಿ ಒಂದಾದವು. ಬಾಳಪ್ಪ ಕಟ್ಟೆಯ ಮೇಲೆ ಕೂತು ತಂಬಾಕಿನ ಚೀಲ ಬಿಚ್ಚಿ, ಸುಣ್ಣಕ್ಕೆ ತಡಕಾಡಿದ. ಆಗ ಅವನ ಕಣ್ಣು ಬಿಸಿಲಿನಲ್ಲಿ ನಿಂತವಳ ಮೇಲೆ ಬಿತ್ತು.

ಅವನು ಅವಳನ್ನು ನೋಡುತ್ತಿದ್ದ, ಬಸ್ಸಿಳಿದು ದಾರಿ ತಪ್ಪಿ ಬಂದ ಯಾರನ್ನೋ ನೋಡುವ ಹಾಗೆ. ಇಷ್ಟು ವರ್ಷ ಅವಳ ಕಡೆಗೆ ಬಿಗಿದುಕೊಂಡೇ ಇದ್ದ ಆ ಮುಖದಲ್ಲಿ ಈಗ ಬಿಗಿಯೇ ಇರಲಿಲ್ಲ. "ಯಾವೂರು ತಂಗಿ ನಿಮ್ದು? ಬಿಸಿಲಾಗ ಯಾಕ ನಿಂತೀರಿ, ಇಲ್ಲಿ ನೆರಳಿಗೆ ಬರ್ರಿ" ಎಂದ.

ಕಾಶವ್ವ ಬಂದು ಕಟ್ಟೆಯ ಈ ತುದಿಯಲ್ಲಿ ಕೂತಳು. ಸೆರಗಿನಿಂದ ಬೆವರೊರೆಸಿಕೊಂಡು, "ಇದ ಊರು" ಎಂದಳು.

"ಅಲ್ಲ, ನಾ ನೋಡೇ ಇಲ್ಲಲ್ಲ ನಿಮ್ಮನ್ನ. ಮನ್ಯಾಗ ಯಾರ್‍ಯಾರದೀರಿ?"

"ನಾನು, ನಮ್ಮ ಯಜಮಾನ್ರು."

"ಏನ ಮಾಡ್ತಾರ?"

"ಕಲಾಯಿ ಹಾಕ್ತಾರ."

"ಹಂಗಾರ ನಮ್ಮ ಕಸಬಿನವರ ಆದ್ರು" ಎಂದು ಬಾಳಪ್ಪನಿಗೆ ಖುಷಿಯಾಯಿತು. "ಈ ಕಸಬಿನವರು ಮಾತಗಾರರು. ಕುಲುಮಿ ಮುಂದ ಕುಂತು ಕುಂತು ಹಂಗಾಗತೈತಿ. ನಿಮ್ಮವರೂ ಮಾತಾಡ್ತಾರೇನು?"

"ಊರ ಮಂದಿ ಕೂಡ ಭಾಳ ಮಾತಾಡ್ತಾರ್ರಿ" ಎಂದಳು ಕಾಶವ್ವ. "ನನ್ನ ಕೂಡ ಈಗಷ್ಟ ಸುರು ಮಾಡ್ಯಾರ."

"ಚಲೋ ಆತು ಬಿಡ್ರಿ" ಎಂದು ಅವನು ಮನಸಾರೆ ಹೇಳಿದ. "ಹಂಗಾರ ಇಲ್ಲ್ಯಾಕ ಕುಂತೀರಿ? ಮನಿಗೆ ಹೋಗ್ರಿ, ಹಾದಿ ನೋಡತಿರ್ತಾರ."

ಕಾಶವ್ವ ಹೂಂ ಎಂದಳು. ಏಳಲಿಲ್ಲ.